ಮೊದಲು ಕಾರ್ ಸೀಟು, ಆಮೇಲೆ ಪ್ರಾಮು

ಏಳು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಎರಡು ಪಟ್ಟಿ ಓಡಾಡೋಕೆ ಶುರುವಾಗುತ್ತೆ. ಒಂದು, ಅಮ್ಮ ಮತ್ತು ಅತ್ತೆ ಬಾಯಲ್ಲೇ ಇಟ್ಟುಕೊಂಡಿರೋ ಪಟ್ಟಿ: ಮೆತ್ತಗಾದ ಹಳೇ ಹತ್ತಿ ಸೀರೆ, ಕುಲಾವಿ, ಹರಳೆಣ್ಣೆ, ಸಾಸಿವೆ ದಿಂಬು, ಅಟ್ಟದ ಮೇಲಿರೋ ತೊಟ್ಟಿಲು. ಇನ್ನೊಂದು, ನಾವು ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲಿ ಮಾಡಿಕೊಳ್ಳೋ ಪಟ್ಟಿ. ಈ ಎರಡನೇದರಲ್ಲಿ ಎಲ್ಲಕ್ಕಿಂತ ಮೇಲೆ ಸಾಮಾನ್ಯವಾಗಿ ಪ್ರಾಮ್ ಇರುತ್ತೆ. ನೋಡೋಕೆ ಚೆಂದ, ಫೋಟೋಗೆ ಚೆಂದ, ಆಫೀಸಿನವರು ಸೇರಿ ಉಡುಗೊರೆ ಕೊಡೋಕೂ ಸುಲಭ. ಕಾರ್ ಸೀಟು ಮಾತ್ರ ಕೊನೇಲಿ, ‘ಬೇಕಾ? ಆಮೇಲೆ ನೋಡೋಣ’ ಅನ್ನೋ ಸಾಲಿನ ಜೊತೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ನಮ್ಮಂಥವರು ಈ ಪಟ್ಟಿಯನ್ನ ತಲೆಕೆಳಗು ಮಾಡಬೇಕು ಅನ್ನೋದು ಈ ವಾರದ ಮಾತು. ಮೊದಲ ದುಡ್ಡು ಕಾರ್ ಸೀಟಿಗೆ. ಪ್ರಾಮ್ ಆರು ತಿಂಗಳು ಕಾಯಬಹುದು. ಕೆಲವರಿಗೆ ಬೇಡವೇ ಬೇಡ.

ಕಾರಣ ಸರಳ. ನಮ್ಮಲ್ಲಿ ಮಗು ತಳ್ಳುಗಾಡಿ ಹತ್ತೋದಕ್ಕಿಂತ ಮೊದಲು ಕಾರು ಹತ್ತುತ್ತೆ. ಕೆಲಸ ಬೆಂಗಳೂರಲ್ಲೋ ತುಮಕೂರಲ್ಲೋ, ಬಾಣಂತನ ತವರಲ್ಲಿ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರೋದೇ ಮಗುವಿನ ಮೊದಲ ಪ್ರಯಾಣ. ಆಮೇಲೆ ಆರನೇ, ಹತ್ತನೇ, ಹದಿನಾಲ್ಕನೇ ವಾರದ ಚುಚ್ಚುಮದ್ದು. ನಾಮಕರಣ, ಗಂಡನ ಮನೆಗೆ ಕರೆದುಕೊಂಡು ಹೋಗೋದು, ಮನೆದೇವರ ದರ್ಶನ, ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೊತ್ತ ಹರಕೆ. ಮಗುವಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಎಷ್ಟು ಸಲ ಕಾರು ಹತ್ತಿರುತ್ತೆ ಅಂತ ಲೆಕ್ಕ ಹಾಕಿ ನೋಡಿ. ಅಷ್ಟೂ ಸಲ ಅದು ಎಲ್ಲಿ ಕೂತಿತ್ತು? ಯಾರದ್ದೋ ತೊಡೆ ಮೇಲೆ.

ನಮ್ಮ ರಸ್ತೆಗಳು

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗೋದು ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ. ರಸ್ತೆ ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಅದೇ ಸಮಸ್ಯೆ ಕೂಡ. ಚೆನ್ನಾಗಿರೋದಕ್ಕೇ ಎಲ್ಲರೂ ಎಂಬತ್ತರಲ್ಲಿ ಹೋಗ್ತಾರೆ, ಊರು ಬಂದ ಕೂಡಲೇ ಹಂಪ್‌ಗೆ ಬ್ರೇಕ್ ಒತ್ತುತ್ತಾರೆ. ಎದುರಿಂದ ಟ್ರ್ಯಾಕ್ಟರ್, ಪಕ್ಕದಿಂದ ಕುರಿಮಂದೆ. ಸುಗ್ಗಿಯಲ್ಲಂತೂ ಅರ್ಧ ರಸ್ತೆ ಕಣವಾಗಿಬಿಡುತ್ತೆ. ರಾಗಿಯೋ ಹುರುಳಿಯೋ ಟಾರಿನ ಮೇಲೆ ಹರಡಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ತಿರುವು ದಾಟಿದ ಮೇಲೇ ಅದು ಕಾಣೋದು.

ಶಿರಾ ಕಡೆಯ ಕತೆ ಬೇರೆ. ಅಲ್ಲಿ ಹಾದು ಹೋಗೋದು ಬೆಂಗಳೂರು–ಪುಣೆ ಹೆದ್ದಾರಿ. ವೇಗಕ್ಕೇ ಮಾಡಿರೋ ರಸ್ತೆ, ಹಗಲು ರಾತ್ರಿ ಲಾರಿ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಹತ್ತಿರ ಇದೇ ಹೆದ್ದಾರಿಯಲ್ಲಿ ಕ್ರೂಸರ್ ಮತ್ತು ಲಾರಿ ಗುದ್ದಿಕೊಂಡು ಒಂಬತ್ತು ಜನ ತೀರಿಹೋದರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು. ಸತ್ತವರಲ್ಲಿ ಮಕ್ಕಳೂ ಇದ್ದರು. ಕಿಕ್ಕಿರಿದ ಆ ಗಾಡಿಯಲ್ಲಿ ಅವರಿಗೆ ಬೆಲ್ಟೂ ಇಲ್ಲ, ಆಯ್ಕೆಯೂ ಇಲ್ಲ. ಸ್ವಂತ ಕಾರಲ್ಲಿ ಹೋಗೋ ನಮಗೆ ಆಯ್ಕೆ ಇದೆ.

ತೊಡೆ ಯಾಕೆ ಸಾಲಲ್ಲ

‘ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಬಿಡಿ’ ಅನ್ನೋ ಮಾತನ್ನ ಒಂದು ಸಣ್ಣ ಲೆಕ್ಕಕ್ಕೆ ಇಟ್ಟು ನೋಡೋಣ.

ಮಗುವಿನ ತೂಕ 5 ಕಿಲೋ. ಕಾರಿನ ವೇಗ ಗಂಟೆಗೆ 50 ಕಿ.ಮೀ. ಗುದ್ದಿ ನಿಲ್ಲೋಕೆ ಹಿಡಿಯೋ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಆ ಕ್ಷಣದಲ್ಲಿ ಮಗು ತನ್ನ ತೂಕದ ಸುಮಾರು ಹದಿನಾಲ್ಕು ಪಟ್ಟು ಬಲದಿಂದ ಮುಂದಕ್ಕೆ ಎಳೆಯುತ್ತೆ. ಅಂದರೆ 70 ಕಿಲೋ, ಹೆಚ್ಚುಕಮ್ಮಿ ಒಂದೂವರೆ ಮೂಟೆ ಸಿಮೆಂಟ್. ಅದು ಮುಂಚೆ ಹೇಳಿ ಬರಲ್ಲ. ಕೈ ಬಿಗಿ ಮಾಡೋಕೆ ಸಮಯ ಸಿಗಲ್ಲ. ಜಟ್ಟಿಯ ಕೈಯಿಂದಲೂ ಜಾರುತ್ತೆ.

ಇನ್ನೊಂದು ಥರ ಹೇಳಬೇಕು ಅಂದ್ರೆ, 50ರ ವೇಗದಲ್ಲಿ ಗುದ್ದೋದು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಾಗೆ. ಎಂಬತ್ತರ ಲೆಕ್ಕ ಬೇಡ ಬಿಡಿ.

ಇದರಲ್ಲಿ ಎರಡು ಅಪಾಯ ಇನ್ನೂ ಸೇರಿಲ್ಲ. ಮಗು ಹಿಡಿದವರೇ ಬೆಲ್ಟ್ ಹಾಕಿಲ್ಲದಿದ್ದರೆ ಅವರ ಪೂರ್ತಿ ಭಾರ ಮಗುವಿನ ಮೇಲೆ ಬೀಳುತ್ತೆ. ಒಂದೇ ಬೆಲ್ಟಿನೊಳಗೆ ತಾವೂ ಮಗುವೂ ಸೇರಿ ಕೂತರೆ ದೊಡ್ಡವರ ಭಾರವೆಲ್ಲ ಬೆಲ್ಟಿನ ಮೂಲಕ ಮಗುವನ್ನೇ ಒತ್ತುತ್ತೆ. ಇದು ಏನೂ ಹಾಕದೇ ಇರೋದಕ್ಕಿಂತ ಒಳ್ಳೇದು ಅಂತ ಎಷ್ಟೋ ಜನ ನಂಬಿದ್ದಾರೆ. ದಯವಿಟ್ಟು ಬೇಡ.

ಸರಿಯಾಗಿ ಕೂರಿಸಿದ ಕಾರ್ ಸೀಟು ಒಂದು ವರ್ಷದೊಳಗಿನ ಮಗುವಿನ ಸಾವಿನ ಅಪಾಯವನ್ನ 71 ಶೇಕಡಾದಷ್ಟು ತಗ್ಗಿಸುತ್ತೆ ಅನ್ನೋದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಅಂದಾಜು. ಮಗುವಿಗೆ ಅಂತ ನಾವು ಕೊಳ್ಳೋ ಬೇರೆ ಯಾವ ಸಾಮಾನಿಗೂ ಇಂಥ ಅಂಕಿ ಇಲ್ಲ.

ಕಾನೂನು ಇದೆಯಾ?

ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, ಹದಿನಾಲ್ಕು ವರ್ಷ ತುಂಬದ ಮಗುವನ್ನ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟಿನಲ್ಲಿ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಕೊರಟಗೆರೆ ಸರ್ಕಲ್‌ನಲ್ಲಿ ಇದಕ್ಕಾಗಿ ಯಾರನ್ನೂ ತಡೆದಿದ್ದು ನಾನಂತೂ ಕಂಡಿಲ್ಲ. ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶ ಒಂದು ಸಲ ಗಟ್ಟಿಯಾಗಿ ಮಾತಾಡಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಪ್ರಾಣ ಕಳೆದುಕೊಂಡಾಗ. ಅದೂ ಒಂದೆರಡು ತಿಂಗಳಷ್ಟೇ.

ಹೊಸ ಕಾರು ಕೊಂಡವರು ಇನ್ನೊಂದು ಮಾತು ಹೇಳ್ತಾರೆ: ‘ನಮ್ಮದು ಫೈವ್ ಸ್ಟಾರ್ ಗಾಡಿ.’ 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಯಲ್ಲಿದೆ, ಮಕ್ಕಳ ಸುರಕ್ಷತೆಗೆ ಬೇರೆಯಾಗಿಯೇ ಸ್ಟಾರ್ ಕೊಡ್ತಾರೆ. ಆದರೆ ಆ ಪರೀಕ್ಷೆ ಮಾಡೋದು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಗೊಂಬೆಗಳನ್ನ ಕಾರ್ ಸೀಟಿನಲ್ಲಿ ಕೂರಿಸಿ. ತೊಡೆ ಮೇಲಿನ ಮಗುವಿಗೆ ಆ ಸ್ಟಾರ್ ಒಂದೂ ಸೇರಲ್ಲ.

ಸೀಟು ಕೊಳ್ಳೋದು ಹೇಗೆ

ಮೊದಲು ಒಂದು ಎಚ್ಚರಿಕೆ. ‘ಕ್ಯಾರಿ ಕಾಟ್’, ‘ಫೋರ್ ಇನ್ ಒನ್ ರಾಕರ್’ ಅಂತ ಮಾರೋ ಪ್ಲಾಸ್ಟಿಕ್ ಬುಟ್ಟಿಗಳು ನೋಡೋಕೆ ಕಾರ್ ಸೀಟಿನ ಥರಾನೇ ಇರುತ್ತವೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಕಾರಿಗೆ ಪರೀಕ್ಷೆಯಾದವು, ಎಷ್ಟೋ ಬರೀ ತೂಗೋ ಬುಟ್ಟಿ. ಬೆಲೆಯಲ್ಲಿ, ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗೋದು ಲೇಬಲ್ಲಿನಲ್ಲಿ.

ಸೀಟಿನ ಹಿಂದೆಯೋ ಕೆಳಗೋ ಅಂಟಿಸಿರೋ ಲೇಬಲ್ ಹುಡುಕಿ, ಸಾಮಾನ್ಯವಾಗಿ ಕೇಸರಿ ಬಣ್ಣದ್ದು. ವೃತ್ತದೊಳಗೆ ಇಂಗ್ಲಿಷ್ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರಬೇಕು. ಜೊತೆಗೆ ‘ಆರ್44/04’ ಅಥವಾ ‘ಆರ್129’ ಅಂತ ಬರೆದಿರಬೇಕು. ಭಾರತದ ಮಾನದಂಡಕ್ಕೆ ಎಐಎಸ್-072 ಅಂತ ಹೆಸರು. ಇವು ಯಾವುದೂ ಇಲ್ಲದಿದ್ದರೆ ಅದು ಕಾರ್ ಸೀಟಲ್ಲ, ಎಷ್ಟೇ ಮೆತ್ತಗಿದ್ದರೂ. ಆನ್‌ಲೈನಲ್ಲಿ ಕೊಳ್ಳೋರು ಲೇಬಲ್ಲಿನ ಫೋಟೋ ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳಿ.

ಆರ್44 ಹಳೇ ನಿಯಮ, ಮಗುವಿನ ತೂಕದ ಮೇಲೆ ವಿಂಗಡಿಸುತ್ತೆ. ಅದರಲ್ಲಿ ‘0+’ ಅಂದರೆ 13 ಕಿಲೋವರೆಗೆ. ಆರ್129 ಹೊಸದು, ಮಗುವಿನ ಉದ್ದ ನೋಡುತ್ತೆ, ಪಕ್ಕದಿಂದ ಬೀಳೋ ಹೊಡೆತಕ್ಕೂ ಪರೀಕ್ಷೆ ಮಾಡುತ್ತೆ. ಯುರೋಪಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಆರ್44 ಸೀಟುಗಳ ಮಾರಾಟ ನಿಂತಿದೆ, ನಮ್ಮಲ್ಲಿ ಎರಡೂ ಸಿಗುತ್ತವೆ. ಕೈಗೆಟುಕಿದರೆ ಆರ್129 ತಗೊಳ್ಳಿ, ಇಲ್ಲದಿದ್ದರೆ ಆರ್44/04 ಸೀಟು ಕೂಡ ತೊಡೆಗಿಂತ ಎಷ್ಟೋ ಮೇಲು.

ಬಗೆ ಎರಡು. ಒಂದು, ಹಿಡಿ ಇರೋ ಬಕೆಟ್ ಸೀಟು. ಹುಟ್ಟಿದಾಗಿನಿಂದ ಸುಮಾರು ಒಂದು ವರ್ಷ, ಒಂದೂಕಾಲು ವರ್ಷದವರೆಗೆ ಬರುತ್ತೆ. ಪುಟ್ಟ ಮಗುವಿಗೆ ಚೆನ್ನಾಗಿ ಒಪ್ಪುತ್ತೆ, ಎತ್ತಿಕೊಂಡು ಓಡಾಡಬಹುದು. ಇನ್ನೊಂದು, ಕನ್ವರ್ಟಿಬಲ್. ಮೊದಲು ಹಿಮ್ಮುಖ, ಆಮೇಲೆ ಮುಮ್ಮುಖ ಮಾಡಿ ನಾಲ್ಕು ವರ್ಷ ಅಥವಾ ಇನ್ನೂ ಮೇಲಿನವರೆಗೆ ಬಳಸಬಹುದು. ಬಕೆಟ್ ಸೀಟುಗಳು ನಾಲ್ಕೈದು ಸಾವಿರದಿಂದ ಶುರುವಾಗುತ್ತವೆ, ಕನ್ವರ್ಟಿಬಲ್ ಹತ್ತು ಸಾವಿರದ ಆಚೀಚೆ, ಐಸೋಫಿಕ್ಸ್ ಇದ್ದರೆ ಇನ್ನೂ ಹೆಚ್ಚು. ಒಂದೇ ಸಲ ದುಡ್ಡು ಹಾಕೋರು ಕನ್ವರ್ಟಿಬಲ್ ನೋಡಿ. ಆದರೆ ಹುಟ್ಟಿದ ಮಗುವಿಗೆ ಅದು ದೊಗಲೆ ಆಗದ ಹಾಗೆ ಒಳಗೆ ಕಂಪನಿಯದೇ ಮೆತ್ತೆ ಇದೆಯಾ ಅಂತ ಖಚಿತ ಮಾಡ್ಕೊಳ್ಳಿ.

ಐಸೋಫಿಕ್ಸ್ ಅಂದರೆ ಕಾರಿನ ಹಿಂದಿನ ಸೀಟಿನ ಬೆನ್ನು ಮತ್ತು ತಳ ಸೇರೋ ಸಂದಿಯಲ್ಲಿರೋ ಎರಡು ಕಬ್ಬಿಣದ ಕೊಂಡಿ. ಅದಕ್ಕೆ ಸೀಟು ಕ್ಲಿಕ್ ಆಗಿ ಕೂತರೆ ತಪ್ಪಾಗೋ ಸಾಧ್ಯತೆ ಕಡಿಮೆ. ಇಲ್ಲದ ಕಾರಿಗೆ ಬೆಲ್ಟಿನಿಂದ ಕಟ್ಟೋ ಸೀಟು ತಗೊಳ್ಳಿ, ತೊಂದರೆ ಇಲ್ಲ. ಹಳೇ ಗಾಡಿಗಳಲ್ಲಿ ಹಿಂದಿನ ಮಧ್ಯದ ಜಾಗಕ್ಕೆ ಸೊಂಟದ ಬೆಲ್ಟ್ ಮಾತ್ರ ಇರುತ್ತೆ, ಹೆಚ್ಚಿನ ಸೀಟುಗಳಿಗೆ ಅದು ಆಗಲ್ಲ. ಭುಜದ ಮೇಲೆ ಬರೋ ಬೆಲ್ಟ್ ಇರೋ ಕಡೆ ಇಡಿ. ಬೆಲ್ಟ್ ಸುತ್ತಿ ಬರೋಷ್ಟು ಉದ್ದ ಇದೆಯಾ ಅಂತ ಕೊಳ್ಳೋಕೆ ಮೊದಲೇ ನಿಮ್ಮ ಕಾರಿನಲ್ಲೇ ಇಟ್ಟು ನೋಡಿ. ತುಮಕೂರಿಗೋ ಬೆಂಗಳೂರಿಗೋ ಹೋಗಿ ಕೊಳ್ಳೋದಾದರೆ ಕಾರು ತಗೊಂಡೇ ಹೋಗಿ. ‘ಒಂದು ಸಲ ಕಾರಲ್ಲಿ ಕೂರಿಸಿ ತೋರಿಸಿ’ ಅನ್ನೋಕೆ ಸಂಕೋಚ ಬೇಡ.

ಹಳೇ ಸೀಟು? ಅಕ್ಕನ ಮಗು ಬಳಸಿದ್ದು, ಅಪಘಾತ ಕಂಡಿಲ್ಲ, ಮೇಲೆ ಅಚ್ಚಾಗಿರೋ ಅವಧಿ ಮುಗಿದಿಲ್ಲ ಅಂದರೆ ಧಾರಾಳವಾಗಿ ತಗೊಳ್ಳಿ. ಗುರುತಿಲ್ಲದವರಿಂದ ಬೇಡ. ಒಂದು ಸಲ ಗುದ್ದು ತಿಂದ ಸೀಟಿನ ಬಿರುಕು ಕಣ್ಣಿಗೆ ಕಾಣಲ್ಲ. ಪ್ರಾಮ್ ವಿಷಯದಲ್ಲಿ ಈ ಭಯ ಇಲ್ಲ. ಹಾಗಾಗಿ ಸೀಟು ಹೊಸದು, ಪ್ರಾಮ್ ಹಳೇದಾದರೂ ನಡೆಯುತ್ತೆ.

ಕೂರಿಸೋದು ಹೇಗೆ

ಒಳ್ಳೇ ಸೀಟು ತಂದು ತಪ್ಪಾಗಿ ಕೂರಿಸಿದರೆ ಅರ್ಧ ದುಡ್ಡು ದಂಡ. ಇಷ್ಟು ನೆನಪಿಟ್ಟುಕೊಳ್ಳಿ.

• ಮಗು ಹಿಂದಿನ ಸೀಟಿನಲ್ಲಿ, ಮುಖ ಕಾರಿನ ಹಿಂಬದಿಗೆ. ಪುಟ್ಟ ಮಗುವಿನ ದೇಹದ ಉದ್ದದಲ್ಲಿ ಕಾಲು ಭಾಗ ತಲೆಯೇ, ಕುತ್ತಿಗೆ ಇನ್ನೂ ಎಳಸು. ಹಿಮ್ಮುಖವಾಗಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತೆ. ಆರ್129 ಪ್ರಕಾರ ಕನಿಷ್ಠ 15 ತಿಂಗಳು ಹೀಗೇ. ಸೀಟಿನ ಮಿತಿ ಇರೋವರೆಗೂ ಮುಂದುವರಿಸಿದರೆ ಇನ್ನೂ ಒಳ್ಳೇದು. ‘ಕಾಲು ಮಡಚಿಕೊಂಡಿರುತ್ತೆ ಪಾಪ’ ಅನ್ನಿಸಬಹುದು. ಮಕ್ಕಳಿಗೆ ಅದು ಕಷ್ಟ ಅಲ್ಲ.

• ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಬೇಡವೇ ಬೇಡ. ಈಗಿನ ಕಾರುಗಳಲ್ಲಿ ಅಲ್ಲೂ ಏರ್‌ಬ್ಯಾಗ್ ಇರುತ್ತೆ. ಅದು ಬಿಚ್ಚಿಕೊಂಡರೆ ನೇರ ಮಗುವಿನ ತಲೆಯ ಹಿಂದಕ್ಕೇ ಹೊಡೆತ.

• ಹಿಮ್ಮುಖವಾಗಿದ್ದಾಗ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಬರಬೇಕು. ಭುಜದ ಹತ್ತಿರ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟೋಕೆ ಆದರೆ ಸಡಿಲ ಅಂತ ಅರ್ಥ. ಬಿಗಿ ಮಾಡಿ.

• ಬಾಣಂತಿ ಮನೆಯಲ್ಲಿ ಮಗುವನ್ನ ಮೂರು ಬಟ್ಟೆಯಲ್ಲಿ ಸುತ್ತಿ, ಕುಲಾವಿ ಕಟ್ಟಿ ಕಳಿಸ್ತಾರೆ. ಸುತ್ತಿದ ಬಟ್ಟೆ ಸಮೇತ ಸೀಟಿಗೆ ಹಾಕಬೇಡಿ. ಗುದ್ದಿದಾಗ ಬಟ್ಟೆ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತೆ. ತೆಳು ಅಂಗಿಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಆಮೇಲೆ ಮೇಲಿನಿಂದ ಬಟ್ಟೆ ಹೊದಿಸಿ.

• ಸಾಸಿವೆ ದಿಂಬು ಮನೆಯಲ್ಲೇ ಇರಲಿ. ಸೀಟಿನಲ್ಲಿ ತಲೆಯ ಹಿಂದೆ ಇಟ್ಟರೆ ಗದ್ದ ಎದೆಗೆ ತಾಗಿ ಉಸಿರಾಟಕ್ಕೆ ತೊಂದರೆ. ಗದ್ದ ಮತ್ತು ಎದೆ ನಡುವೆ ಒಂದು ಬೆರಳಾದರೂ ಹಿಡಿಯಬೇಕು.

• ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಮೊದಲ ಕೆಲವು ವಾರ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ. ತುಮಕೂರಿನಿಂದ ಮಧುಗಿರಿಗಾದರೆ ಕೊರಟಗೆರೆಯಲ್ಲಿ ಒಂದು ನಿಲುಗಡೆ. ಪಾವಗಡಕ್ಕಾದರೆ ಮಧುಗಿರಿ ದಾಟಿದ ಮೇಲೂ ಒಂದೆರಡು ಸಲ. ನೆರಳು ನೋಡಿ ನಿಲ್ಲಿಸಿ, ಎತ್ತಿಕೊಳ್ಳಿ, ಹಾಲು ಕೊಡಿ. ಚಲಿಸೋ ಕಾರಲ್ಲಿ ಮಗುವನ್ನ ಬಿಚ್ಚಿ ಹಾಲು ಕೊಡೋದು ಬೇಡ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರೋ ಮಗುವಾದರೆ ಡಿಸ್ಚಾರ್ಜ್‌ಗೆ ಮೊದಲೇ ಮಕ್ಕಳ ಡಾಕ್ಟರನ್ನ ಕೇಳಿ.

• ಮನೆ ಮುಟ್ಟಿದ ಮೇಲೆ ‘ಮಲಗಿದೆ, ಎಬ್ಬಿಸಬೇಡ’ ಅಂತ ಸೀಟಿನಲ್ಲೇ ಬಿಡಬೇಡಿ. ಚಪ್ಪಟೆ ಹಾಸಿಗೆಗೆ ವರ್ಗಾಯಿಸಿ. ಸೀಟು ಪ್ರಯಾಣಕ್ಕೆ ಮಾತ್ರ, ತೊಟ್ಟಿಲಿಗೆ ಬದಲಿ ಅಲ್ಲ.

• ಬಿಸಿಲಲ್ಲಿ ನಿಂತ ಕಾರಿನ ಬಕಲ್ ಕಾದ ಹಂಚಿನಂತಿರುತ್ತೆ. ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಎರಡೇ ನಿಮಿಷದ ಕೆಲಸ ಅಂತ ಮಗುವನ್ನ ಕಾರಲ್ಲೇ ಬಿಟ್ಟು ಇಳಿಯಬೇಡಿ. ಹತ್ತು ನಿಮಿಷಕ್ಕೆ ಒಳಗಿನ ಬಿಸಿ ಹತ್ತು ಡಿಗ್ರಿಯಷ್ಟು ಏರಬಹುದು.

ಅಜ್ಜಿಗೆ ಹೇಳೋದು ಹೇಗೆ

ನಿಜವಾದ ಕಷ್ಟ ಇರೋದು ಇಲ್ಲಿ, ಲೇಬಲ್ಲಿನಲ್ಲಲ್ಲ. ಮೊಮ್ಮಗುವನ್ನ ಮೊದಲ ಸಲ ಮನೆಗೆ ತರೋ ದಿನ ಅಜ್ಜಿ ಸೆರಗು ಹಾಸಿಕೊಂಡು ಕಾಯ್ತಿರ್ತಾರೆ. ಆಗ ಪ್ಲಾಸ್ಟಿಕ್ ಕುರ್ಚಿ ತೋರಿಸಿದರೆ ಏನನ್ನಿಸಬೇಡ?

‘ನಿಮ್ಮನ್ನೆಲ್ಲ ತೊಡೆ ಮ್ಯಾಲೇ ಇಟ್ಕಂಡು ಧರ್ಮಸ್ಥಳಕ್ಕೆ ಹೋಗ್ ಬಂದಿಲ್ವೇನಪ್ಪ? ನಿಮ್ಗೇನಾಯ್ತು?’

ಈ ಪ್ರಶ್ನೆಗೆ ಅಂಕಿಸಂಖ್ಯೆಯ ಉತ್ತರ ನಾಟಲ್ಲ. ‘ಹೌದಜ್ಜಿ, ಆಗ ಈ ರಸ್ತೆ ಇರ್ಲಿಲ್ಲ, ಈ ಸ್ಪೀಡೂ ಇರ್ಲಿಲ್ಲ’ ಅನ್ನೋದು ನಾಟುತ್ತೆ. ಅದು ನಿಜ ಕೂಡ. ಆ ಕಾಲದಲ್ಲಿ ಮಧುಗಿರಿಯಿಂದ ತುಮಕೂರಿಗೆ ಹೋಗೋದು ಅರ್ಧ ದಿನದ ಕೆಲಸ. ಈಗ ಒಂದು ಗಂಟೆ.

ಶಿರಾ ಕಡೆಯ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಇದಕ್ಕೆ ಬೇರೆ ದಾರಿ ಕಂಡುಕೊಂಡರು. ಅತ್ತೆಗೆ ‘ಬೇಡ’ ಅನ್ನೋ ಬದಲು ಒಂದು ಜವಾಬ್ದಾರಿ ಕೊಟ್ಟರು. ಸೀಟು ಹಿಂದೆ ಎಡಗಡೆ, ಅದರ ಪಕ್ಕದಲ್ಲೇ ಅತ್ತೆ, ಅವರಿಗೂ ಬೆಲ್ಟ್. ಪಟ್ಟಿ ಬಿಗಿ ಇದೆಯಾ, ಗದ್ದ ಎದೆಗೆ ತಾಗಿದೆಯಾ ನೋಡೋದು ಅವರ ಕೆಲಸ. ಕೈಬೆರಳು ಮಗುವಿನ ಮುಷ್ಟಿಯಲ್ಲಿ. ಎರಡು ತಿಂಗಳಾದ ಮೇಲೆ ಅವರೇ ಮಗನಿಗೆ ಹೇಳ್ತಿದ್ದರಂತೆ: ‘ತಡಿಯೋ, ಕೂಸಿಗೆ ಇನ್ನೂ ಬೆಲ್ಟ್ ಹಾಕಿಲ್ಲ.’

ಎಡಗಡೆಯೇ ಯಾಕೆ ಅಂದರೆ, ನಿಲ್ಲಿಸಿದಾಗ ಅದು ರಸ್ತೆ ಬದಿ. ಗಾಡಿ ಓಡಾಡೋ ಕಡೆ ಇಳಿದು ಮಗುವನ್ನ ಎತ್ತೋ ಪ್ರಮೇಯ ಬರಲ್ಲ.

ಮಗು ಅಳುತ್ತೆ, ಖಂಡಿತ ಅಳುತ್ತೆ. ಮೊದಲೇ ಮನೆಯಲ್ಲಿ ದಿನಕ್ಕೆ ಐದು ನಿಮಿಷ ಸೀಟಿನಲ್ಲಿ ಕೂರಿಸಿ ಅಭ್ಯಾಸ ಮಾಡಿಸಿ. ದಾರಿಯಲ್ಲಿ ಅತ್ತರೆ ನಿಲ್ಲಿಸಿ, ಸಮಾಧಾನ ಮಾಡಿ, ಮತ್ತೆ ಕೂರಿಸಿ. ‘ಇವತ್ತೊಂದಿನ’ ಅಂತ ಒಂದು ಸಲ ಬಿಚ್ಚಿದರೆ ಮುಂದಿನ ಸಲ ಮಗುವೂ ಕೇಳಲ್ಲ, ದೊಡ್ಡವರೂ ಕೇಳಲ್ಲ.

ಈಗ ಪ್ರಾಮಿಗೆ ಬರೋಣ

ನಮ್ಮ ಅಂಗಡಿಗಳಲ್ಲಿ ಚಕ್ರ ಇರೋದೆಲ್ಲ ಪ್ರಾಮ್. ಅಸಲಿಗೆ ಪ್ರಾಮ್ ಅಂದರೆ ಮಗು ಚಪ್ಪಟೆಯಾಗಿ ಮಲಗೋ ಗಾಡಿ, ಸ್ಟ್ರೋಲರ್ ಅಂದರೆ ಕೂರೋ ಗಾಡಿ. ಇದರ ಮೂಲ ಇಂಗ್ಲೆಂಡಿನ ಶ್ರೀಮಂತರ ತೋಟ. 1733ರಲ್ಲಿ ವಿಲಿಯಂ ಕೆಂಟ್ ಅನ್ನೋ ವಿನ್ಯಾಸಕಾರ ಡೆವನ್‌ಶೈರ್ ಡ್ಯೂಕಿನ ಮಕ್ಕಳಿಗೆ ಮಾಡಿಕೊಟ್ಟ ಪುಟ್ಟ ಗಾಡಿ, ಅದೂ ಪ್ರಾಣಿ ಎಳೆಯೋ ಗಾಡಿ. ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳೋಷ್ಟು ಹಗುರವಾದ ಗಾಡಿ ಬಂದಿದ್ದು 1965ರಲ್ಲಿ. ವಿಮಾನದ ಚಕ್ರ ವ್ಯವಸ್ಥೆ ವಿನ್ಯಾಸ ಮಾಡಿದ್ದ ಓವನ್ ಮೆಕ್ಲಾರೆನ್ ಅದನ್ನ ಅಲ್ಯೂಮಿನಿಯಂನಲ್ಲಿ ಮಾಡಿದರು. ಎರಡಕ್ಕೂ ಸಾಮಾನ್ಯವಾದದ್ದು ಒಂದೇ: ಕೆಳಗೆ ಸಮತಟ್ಟಾದ ದಾರಿ ಇರಬೇಕು.

ಅದು ನಿಮಗಿದೆಯಾ? ಬೆಂಗಳೂರಿನ ಅಪಾರ್ಟ್‌ಮೆಂಟ್ ಒಳಗೆ, ತುಮಕೂರಿನ ಒಳ್ಳೇ ಬಡಾವಣೆಯಲ್ಲಿ ಇದೆ. ಮಧುಗಿರಿ ಬೆಟ್ಟದ ಬುಡದ ಹಳೇ ಬೀದಿಗಳಲ್ಲಿ, ಶಿರಾ ಪೇಟೆಯಲ್ಲಿ ಇಲ್ಲ. ಫುಟ್‌ಪಾತ್ ಇದ್ದ ಕಡೆ ಅದರ ಮೇಲೆ ಅಂಗಡಿ, ಇಲ್ಲವೇ ಬೈಕು. ಜಾತ್ರೆಯಲ್ಲಿ ಪ್ರಾಮ್ ತಳ್ಳಿಕೊಂಡು ಹೋದರೆ ದೇವರ ದರ್ಶನಕ್ಕಿಂತ ಜನರ ಕಾಲು ನೋಡೋದೇ ಹೆಚ್ಚಾಗುತ್ತೆ. ಅಂಥ ಕಡೆ ಎದೆಗೆ ಕಟ್ಟಿಕೊಳ್ಳೋ ಬೇಬಿ ಕ್ಯಾರಿಯರ್ ವಾಸಿ. ಮಗುವಿನ ಮುಖ ನಿಮಗೆ ಕಾಣ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಅಷ್ಟು ನೋಡ್ಕೊಳ್ಳಿ.

ಕೊಳ್ಳೋದೇ ಅಂತಾದರೆ ಐದು ವಿಷಯ ನೋಡಿ.

ಮೊದಲನೇದು, ಹಿಂದಕ್ಕೆ ಪೂರ್ತಿ ಮಲಗುತ್ತಾ? ಕುತ್ತಿಗೆ ನಿಲ್ಲದ ಮಗುವನ್ನ ಕೂರೋ ಗಾಡಿಯಲ್ಲಿ ಹಾಕೋ ಹಾಗಿಲ್ಲ. ಮಲಗಿಸೋಕೆ ಆಗದ ಹಗುರ ಸ್ಟ್ರೋಲರ್ ತಗೊಳ್ಳೋದಾದರೆ ಆರು ತಿಂಗಳಾಗಲಿ.

ಎರಡನೇದು, ಚಕ್ರ. ಅಂಗಡಿಯ ಟೈಲ್ಸ್ ಮೇಲೆ ಎಲ್ಲ ಗಾಡಿಯೂ ಬೆಣ್ಣೆಯಂತೆ ಓಡುತ್ತೆ. ಹೊರಗೆ ತಂದು ಜಲ್ಲಿ ಮೇಲೆ ತಳ್ಳಿ ನೋಡಿ. ಪುಟ್ಟ ಪ್ಲಾಸ್ಟಿಕ್ ಚಕ್ರ ಅಲ್ಲೇ ಅಡ್ಡಡ್ಡ ತಿರುಗುತ್ತೆ. ದೊಡ್ಡ ರಬ್ಬರ್ ಚಕ್ರ ಇದ್ದರೆ ನಮ್ಮ ರಸ್ತೆಗೆ ಬಾಳುತ್ತೆ.

ಮೂರನೇದು, ಮಡಚಿದಾಗಿನ ಅಳತೆ. ನಿಮ್ಮ ಕಾರಿಗೆ ಸಿಎನ್‌ಜಿ ಇದ್ದರೆ ಹಿಂದಿನ ಡಿಕ್ಕಿಯಲ್ಲಿ ಅರ್ಧ ಜಾಗ ಸಿಲಿಂಡರಿನದು. ಉಳಿದ ಜಾಗ ಟೇಪ್‌ನಲ್ಲಿ ಅಳೆದುಕೊಂಡು ಹೋಗಿ. ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದರೆ ತೂಕವನ್ನೂ ನೋಡಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಾಡಿ, ಮೆಟ್ಟಿಲು. ಹತ್ತು ಕಿಲೋ ದಾಟಿದ್ದು ಮೂರನೇ ದಿನದಿಂದ ಕೆಳಗೇ ನಿಲ್ಲುತ್ತೆ.

ನಾಲ್ಕನೇದು, ಬ್ರೇಕ್ ಮತ್ತು ಐದು ಕಡೆಯಿಂದ ಕಟ್ಟೋ ಪಟ್ಟಿ. ಇಳಿಜಾರಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ. ಹಿಡಿಗೆ ತರಕಾರಿ ಚೀಲ ನೇತು ಹಾಕಬೇಡಿ, ಗಾಡಿ ಹಿಂದಕ್ಕೆ ಮಗುಚುತ್ತೆ. ಇಎನ್ 1888 ಅನ್ನೋ ಮಾನದಂಡದ ಗುರುತಿದ್ದರೆ ಒಳ್ಳೇದು.

ಐದನೇದು, ಬಿಸಿಲು. ಪಾವಗಡದ ಬಿಸಿಲು 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಸಾಲುವಂಥದ್ದು, ಮಗುವಿಗೆ ಅಷ್ಟು ಬೇಡ. ಛಾವಣಿ ಕೆಳಗಿನವರೆಗೆ ಬರಬೇಕು, ಗಾಳಿಯಾಡೋಕೆ ಜಾಲರಿ ಇರಬೇಕು. ನೆರಳಿಗೆ ಅಂತ ಮೇಲೆ ಸೀರೆಯನ್ನೋ ದುಪ್ಪಟ್ಟವನ್ನೋ ಪೂರ್ತಿ ಮುಚ್ಚಬೇಡಿ. ಗಾಳಿ ನಿಂತು ಒಳಗೆ ಕುದಿಯುತ್ತೆ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಹೊರಡಿ.

ಬಕೆಟ್ ಸೀಟನ್ನೇ ಗಾಡಿಗೆ ಸಿಕ್ಕಿಸೋ ‘ಟ್ರಾವೆಲ್ ಸಿಸ್ಟಮ್’ ಕೂಡ ಬರುತ್ತೆ. ಆಸ್ಪತ್ರೆ, ಮಾಲ್ ಓಡಾಟ ಜಾಸ್ತಿ ಇರೋರಿಗೆ ಅನುಕೂಲ. ಆದರೆ ಎರಡು ಗಂಟೆಯ ಮಿತಿ ಅಲ್ಲೂ ಅನ್ವಯ.

ಕಾರಿಲ್ಲದವರು

ಕಾರ್ ಸೀಟಿನ ಮಾತು ಕಾರಿದ್ದವರಿಗೆ ಮಾತ್ರ ಅನ್ಕೋಬೇಡಿ. ಡಿಸ್ಚಾರ್ಜ್ ದಿನ ಬಾಡಿಗೆ ಕಾರು ಮಾಡ್ತೀರಿ, ಮಾವನವರ ಗಾಡಿ ತರಿಸ್ತೀರಿ. ಬೆಲ್ಟಿನಿಂದ ಕಟ್ಟೋ ಬಕೆಟ್ ಸೀಟು ಭುಜದ ಬೆಲ್ಟ್ ಇರೋ ಹೆಚ್ಚಿನ ಕಾರುಗಳಿಗೆ ಹೊಂದುತ್ತೆ. ಅಣ್ಣತಮ್ಮಂದಿರ ಮನೆಗಳು ಸೇರಿ ಒಂದು ಕೊಂಡು ಸರದಿಯಲ್ಲಿ ಬಳಸಿದರೂ ಆಯಿತು.

ಬೈಕಿನಲ್ಲಿ ಎಳೇ ಮಗುವನ್ನ ಮಧ್ಯೆ ಇಟ್ಟುಕೊಂಡು ಹೋಗೋದನ್ನ ದಿನಾ ನೋಡ್ತೀವಿ. 2022ರ ಫೆಬ್ರುವರಿಯಲ್ಲಿ ಹೊರಡಿಸಿದ ಕೇಂದ್ರದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನ ಸವಾರರಿಗೆ ಬೆಲ್ಟಿನಂಥ ಪಟ್ಟಿಯಿಂದ ಕಟ್ಟಿರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ಹಸುಗೂಸಾದರೆ ಬೈಕಿಗಿಂತ ಬಸ್ಸೇ ಲೇಸು. ಬಾಗಿಲ ಹತ್ತಿರದ್ದು, ಮುಂದಿನ ಗಾಜಿನ ಎದುರಿನದ್ದು ಬಿಟ್ಟು ಮಧ್ಯದ ಸೀಟು ಹಿಡಿಯಿರಿ.

ದುಡ್ಡು ಹೀಗೆ ಹಂಚಿ

ಕೈಯಲ್ಲಿ ಹತ್ತು ಸಾವಿರ ಇದೆ ಅಂದುಕೊಳ್ಳಿ. ಅದರಲ್ಲಿ ಲೇಬಲ್ ಇರೋ ಸೀಟು ಮೊದಲು. ಉಳಿದದ್ದರಲ್ಲಿ ಒಂದು ಕ್ಯಾರಿಯರ್. ಪ್ರಾಮ್ ಯಾರಾದರೂ ಕೊಟ್ಟರೆ ತಗೊಳ್ಳಿ. ಆಫೀಸಿನವರು ‘ಏನು ಗಿಫ್ಟ್ ಬೇಕು’ ಅಂತ ಕೇಳಿದರೆ ಬಾಯಿ ಬಿಟ್ಟು ‘ಕಾರ್ ಸೀಟು’ ಅನ್ನಿ. ಬೆಳ್ಳಿ ಲೋಟ ಆಗಲೇ ನಾಲ್ಕು ಬಂದಿರುತ್ತೆ.

ಎಂಟನೇ ತಿಂಗಳಲ್ಲೇ ಸೀಟು ತಂದು ಕಾರಿನಲ್ಲಿ ಕೂರಿಸಿ, ಒಂದು ಗೊಂಬೆಯನ್ನೋ ಐದು ಕಿಲೋ ಅಕ್ಕಿ ಚೀಲವನ್ನೋ ಇಟ್ಟು ಪಟ್ಟಿ ಬಿಗಿದು ಅಭ್ಯಾಸ ಮಾಡಿ. ಗಂಡ, ಅಪ್ಪ, ಮಾವ, ಕಾರು ಓಡಿಸೋ ಎಲ್ಲರೂ ಒಂದೊಂದು ಸಲ. ಆಸ್ಪತ್ರೆ ಬಾಗಿಲಲ್ಲಿ ಬಿಲ್ಲು, ಮಾತ್ರೆ, ಅಳೋ ಮಗು ಎಲ್ಲ ಒಟ್ಟಿಗೆ ಇರುವಾಗ ಕೈಪಿಡಿ ಓದೋಕೆ ಯಾರಿಗೂ ಆಗಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ, ಖರ್ಚಿಲ್ಲದ್ದು. ಸಂಜೆ ಕಾರಿನ ಹಿಂದಿನ ಬಾಗಿಲು ತೆಗೆದು, ಸೀಟಿನ ಬೆನ್ನು ಮತ್ತು ತಳದ ಸಂದಿಗೆ ಕೈ ಹಾಕಿ ನೋಡಿ. ಎರಡು ಕಬ್ಬಿಣದ ಕೊಂಡಿ ಸಿಕ್ಕರೆ ಐಸೋಫಿಕ್ಸ್, ಸಿಗದಿದ್ದರೆ ಬೆಲ್ಟ್ ಸೀಟು. ಯಾವ ಸೀಟು ಅನ್ನೋ ಅರ್ಧ ಪ್ರಶ್ನೆ ಅಲ್ಲಿಗೇ ಮುಗೀತು.